ತಾತ ಅಳೆದ ಆಕ್ಸಲ್

ನನ್ನ ಅಳಿಯ ಒಳ್ಳೆಯವನೇ, ಆದರೆ ಅವನಿಗೊಂದು ಜೀಪಿನ ಹುಚ್ಚು. ಭಾನುವಾರ ಬಂದರೆ ಸ್ನೇಹಿತರನ್ನು ಕಟ್ಟಿಕೊಂಡು ಕೃಷ್ಣಗಿರಿ ಕಡೆಯ ಬಂಡೆಗುಡ್ಡಗಳಿಗೆ ಹೋಗುತ್ತಾನೆ. ದಾರಿಯೇ ಇಲ್ಲದ ಕಡೆ ಗಾಡಿ ಹತ್ತಿಸಿ, ಮೈಯೆಲ್ಲ ಕೆಸರು ಮಾಡಿಕೊಂಡು ಬರುತ್ತಾನೆ. ಹೋದ ತಿಂಗಳು ಆ ಜೀಪಿನ ಹಿಂದಿನ ಆಕ್ಸಲ್ ಕೈಕೊಟ್ಟಿತು. ಒಳಗಿನ ಹಲ್ಲುಚಕ್ರಗಳನ್ನು ಮಾತ್ರ ಬದಲಾಯಿಸುವುದೋ, ಇಡೀ ಆಕ್ಸಲನ್ನೇ ಕಿತ್ತು ಬೇರೆಯದನ್ನು ಕೂರಿಸುವುದೋ ಎಂದು ಹೊಸೂರಿನ ನಮ್ಮ ಮನೆಯ ಸೋಫಾದಲ್ಲಿ ಕೂತು ಮೂರು ದಿನ ಫೋನು ಉಜ್ಜಿದ. ಕೊನೆಗೆ ತಮಾಷೆಗೆ ನನ್ನ ಅಭಿಪ್ರಾಯವನ್ನೂ ಕೇಳಿದ. ಬದನೆಕಾಯಿ ಹೆಚ್ಚುತ್ತಿದ್ದ ನಾನು, ಮುಂದಿನ ಆಕ್ಸಲ್ಲಿನ ಲೆಕ್ಕ ಎಷ್ಟು, ಹಿಂದಕ್ಕೆ ತರುವುದರ ಲೆಕ್ಕ ಎಷ್ಟು, ನೀನೇ ಕೈಯಾರೆ ತಿರುಗಿಸಿ ಎಣಿಸಿದೆಯಾ ಎಂದು ಕೇಳಿದೆ. ಅವನು ಬಿಟ್ಟ ಬಾಯಿ ಬಿಟ್ಟಂತೆಯೇ ಕೂತ. ಇದೇ ಪ್ರಶ್ನೆ ಒಂದು ಕಾಲದಲ್ಲಿ ನಮ್ಮ ಮನೆಯನ್ನು ಎರಡು ಪಾಲು ಮಾಡಿತ್ತೆಂದು ಅವನಿಗೆ ಗೊತ್ತಿಲ್ಲ. ಆಗ ನಾನು ಬಾಯಿ ಬಿಡಬೇಕಾದ ಕಡೆ ಬಿಡಲಿಲ್ಲ. ಅದನ್ನು ನೆನೆದರೆ ಅರವತ್ತರ ಹತ್ತಿರ ಬಂದಿರುವ ನನಗೆ ಈಗಲೂ ನಾಚಿಕೆಯಾಗುತ್ತದೆ.

ಕೆಲಮಂಗಲದಿಂದ ಒಳಕ್ಕೆ, ಗುಡ್ಡದ ಬುಡದಲ್ಲಿದ್ದ ನಮ್ಮ ಹಳ್ಳಿಯಲ್ಲಿ ಜೀಪನ್ನು ಮನೆಯೊಳಗೆ ಕಟ್ಟುತ್ತಿದ್ದವರು ನಾವೊಬ್ಬರೇ. ಕಟ್ಟುವುದು ಎಂದೇ ನಾವು ಹೇಳುತ್ತಿದ್ದದ್ದು. ನಾಡಹೆಂಚಿನ ಉದ್ದನೆಯ ಮನೆ. ಬೀದಿಬಾಗಿಲು ದಾಟಿದರೆ ಮೊದಲು ಕೊಟ್ಟಿಗೆ, ಒಂದು ಮೆಟ್ಟಿಲು ಹತ್ತಿದರೆ ನಡುಮನೆ, ಅದರಾಚೆ ಅಡುಗೆಮನೆ, ಪಕ್ಕದಲ್ಲಿ ರಾಗಿಯ ಕಣಜವಿದ್ದ ಕತ್ತಲೆ ಕೋಣೆ. ಎತ್ತುಗಳಿಗೆ ವಯಸ್ಸಾದ ಮೇಲೆ ತಾತ ಯಾವುದೋ ಕಲ್ಲುಗಣಿಯವರು ಮಾರಿದ ಜೀಪೊಂದನ್ನು ತಂದು, ಬೀದಿಬಾಗಿಲಿನ ಪಕ್ಕದ ಗೋಡೆ ಒಡೆಸಿ, ಎತ್ತು ನಿಲ್ಲುತ್ತಿದ್ದ ಜಾಗದಲ್ಲೇ ನಿಲ್ಲಿಸಿದ. ಗೋದಲಿಯಲ್ಲಿ ಹುಲ್ಲಿನ ಬದಲು ಸ್ಪ್ಯಾನರು, ಜಾಕಿ, ಗ್ರೀಸಿನ ಡಬ್ಬ ಬಂದು ಕೂತವು. ಅಜ್ಜಿ ಪ್ರತಿ ಶುಕ್ರವಾರ ಅದರ ಬಾನೆಟ್ಟಿಗೆ ಅರಿಸಿನ ಕುಂಕುಮ ಹಚ್ಚುತ್ತಿದ್ದಳು, ಹಚ್ಚುತ್ತಲೇ ಬೈಯುತ್ತಿದ್ದಳು.

"ಸಗಣಿ ಹಾಕಲ್ಲ, ಗಂಜಲ ಹುಯ್ಯಲ್ಲ, ಕುಡಿಯೋದ್ ಮಾತ್ರ ಎತ್ತಿಗಿಂತ ಜಾಸ್ತಿ."

ಅವಳ ಸಿಟ್ಟಿಗೆ ಕಾರಣವಿತ್ತು. ನಡುಮನೆ ಪೂರ್ತಿ ರೇಷ್ಮೆ ಹುಳುಗಳದ್ದು. ಸೂರಿನವರೆಗೆ ಬಿದಿರಿನ ತಟ್ಟೆಗಳು, ತಟ್ಟೆ ತುಂಬ ಹುಳು. ಅವಕ್ಕೆ ಎಣ್ಣೆಯ ವಾಸನೆ ಆಗದು, ಬೀಡಿಯ ವಾಸನೆ ಆಗದು, ಒಗ್ಗರಣೆಯ ಘಾಟು ಆಗದು. ಆದ್ದರಿಂದ ಕೊಟ್ಟಿಗೆಗೂ ನಡುಮನೆಗೂ ನಡುವೆ ಒದ್ದೆ ಗೋಣಿಚೀಲಗಳ ಪರದೆ ಇರುತ್ತಿತ್ತು, ಅದನ್ನು ಒಣಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಹುಳುಗಳಿಗೆ ಜಾಗ ಬಿಟ್ಟುಕೊಟ್ಟ ನಾವು ಅಡುಗೆಮನೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಮುದ್ದೆ ತಿನ್ನುತ್ತಿದ್ದೆವು. ಹೊಸೂರಿನ ಕಾರ್ಖಾನೆಯಲ್ಲಿ ಶಿಫ್ಟಿಗೆ ಹೋಗುತ್ತಿದ್ದ ಅಪ್ಪ ಬಂದ ದಿನ ಒಬ್ಬರು ಹೊಸ್ತಿಲ ಮೇಲೆ ಕೂರಬೇಕಿತ್ತು. ಹುಳು ಸೊಪ್ಪು ತಿನ್ನುವ ಸದ್ದು ಕೇಳುತ್ತ ಬೆಳೆದದ್ದರಿಂದಲೋ ಏನೋ, ಪೂರ್ತಿ ನಿಶ್ಶಬ್ದವಾದ ಮನೆಯಲ್ಲಿ ನನಗೆ ಇವತ್ತಿಗೂ ನಿದ್ದೆ ಹತ್ತುವುದಿಲ್ಲ.

ತಾತನ ಬಗ್ಗೆ ಒಂದು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಸುತ್ತಿನ ಐದಾರು ಹಳ್ಳಿಗಳಲ್ಲಿ ಯಾರ ಕಣದಲ್ಲಿ ರಾಶಿಯಾದರೂ ಅಳೆಯಲು ತಾತನೇ ಬೇಕು. ಅಣ್ಣತಮ್ಮಂದಿರು ಪಾಲಿಗೆ ನಿಂತ ಕಡೆಯಂತೂ ಅವನು ಬರದೆ ಕೊಳಗ ಏಳುತ್ತಿರಲಿಲ್ಲ. ಅವನ ಅಳತೆಯನ್ನು ಮತ್ತೊಬ್ಬರು ಅಳೆದು ನೋಡಿದ್ದನ್ನು ನಾನು ಕಂಡಿಲ್ಲ. ಅವನಿಗೊಂದು ಕ್ರಮವಿತ್ತು. ಮೊದಲ ಕೊಳಗವನ್ನು ಕಣ್ಣು ಮುಚ್ಚಿ, ಬಾಯಿ ಬಿಡದೆ, ಪಕ್ಕದ ಮೊರಕ್ಕೆ ಸುರಿಯುತ್ತಿದ್ದ. ಅದು ದೇವರ ಪಾಲು, ಲೆಕ್ಕಕ್ಕಿಲ್ಲ. ಎರಡನೆಯದಕ್ಕೆ 'ಲಾಭ' ಅನ್ನುತ್ತಿದ್ದ. ಒಂದು ಅನ್ನಬಾರದು, ಲಾಭ ಅನ್ನಬೇಕು. ಆಮೇಲೆ ಎರಡು, ಮೂರು ಎಂದು ಸಾಲಾಗಿ ಹೋಗುತ್ತಿತ್ತು. ನಲವತ್ತು ವರ್ಷ ಹಾಗೆ ಎಣಿಸಿದ ಕೈ ಅದು. ನಮ್ಮ ಮನೆಯ ಮಾನವೆಲ್ಲ ಆ ಕೈಯಲ್ಲಿದೆ ಎಂದು ಅಜ್ಜಿ ಹೇಳುತ್ತಿದ್ದಳು.

ಜೀಪು ಓಡಿಸುತ್ತಿದ್ದವಳು ತಾತನ ಮಗಳು, ನನ್ನ ರತ್ನತ್ತೆ. ಗಂಡನ ಮನೆಗೆ ಹೋಗಿ ಒಂದೇ ವರ್ಷಕ್ಕೆ ಟ್ರಂಕಿನ ಸಮೇತ ವಾಪಸು ಬಂದವಳು. ಯಾಕೆ ಬಂದಳೆಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕೂಲಿಗಿದ್ದ ಡ್ರೈವರು ಹೇಳದೆ ಕೇಳದೆ ಓಡಿಹೋದ ವಾರ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೇರಿಂಗ್ ಹಿಡಿದಳು. ಗುಡ್ಡದ ಮೇಲಿನ ಹಿಪ್ಪುನೇರಳೆ ತೋಟದಿಂದ ಸೊಪ್ಪು ತುಂಬಿದ ಟ್ರೇಲರನ್ನು ಆ ಕಲ್ಲುದಾರಿಯಲ್ಲಿ ಇಳಿಸಿಕೊಂಡು ಬರುವುದು ನಮ್ಮೂರಿನ ಗಂಡಸರಿಗೇ ಎದೆಯೊಡೆಯುವ ಕೆಲಸ. ಅವಳು ಹಾಡು ಗುನುಗುತ್ತ ಬರುತ್ತಿದ್ದಳು. ಪಕ್ಕದ ಸೀಟು ನನ್ನದು. ಶಾಲೆಯ ಪಾಠ, ಕೂದಲಿಗೆ ಎಣ್ಣೆ, ಜ್ವರ ಬಂದಾಗ ಗಂಜಿ, ಎಲ್ಲವೂ ನನಗೆ ಅವಳ ಕೈಯಿಂದಲೇ ಆಗುತ್ತಿತ್ತು. ಅಮ್ಮನಿಗೆ ಹುಳುಗಳೇ ಸಾಕಾಗಿತ್ತು. ಅತ್ತೆಯನ್ನು ನಾನು ಎಷ್ಟು ಹಚ್ಚಿಕೊಂಡಿದ್ದೆನೆಂದರೆ ಅವಳು ಮಗ್ಗಲು ಬದಲಾಯಿಸಿದರೂ ಎಚ್ಚರಾಗುತ್ತಿತ್ತು.

ಮದುವೆಗೆ ಮುಂಚೆ ಟೀಚರ್ ಓದು ಓದಿದ್ದ ಅವಳಿಗೆ, ನಾನು ಐದನೇ ಕ್ಲಾಸಿನಲ್ಲಿದ್ದಾಗ, ಗುಮ್ಮಳಾಪುರದ ಕಡೆಯ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಕೆಲಸ ಸಿಕ್ಕಿತು. ಬಸ್ಸಿನಲ್ಲಾದರೆ ಮೂರು ಕಡೆ ಇಳಿದು ಹತ್ತಬೇಕು. ಜೀಪಿದ್ದರೆ ಬೆಳಗಿನ ಸೊಪ್ಪು ತಂದು ಹಾಕಿ, ಶಾಲೆಗೆ ಹೋಗಿ, ಸಂಜೆ ಮನೆಗೆ ಬಂದು ಮತ್ತೆ ಸೊಪ್ಪು ತರಬಹುದು ಎಂಬುದು ಅವಳ ಲೆಕ್ಕ. ತಾತ ಬೇಡ ಅನ್ನಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೋಗಬೇಡ ಎಂದು ಬಾಯಿಬಿಟ್ಟು ಹೇಳಿದವರಲ್ಲ. ಅದೇ ವಾರ ಜೀಪಿನ ಹಿಂಭಾಗ ಊಳಿಡಲು ಶುರು ಮಾಡಿತು, ತಾತನಿಗೆ ಮಾತಾಡಲು ಒಂದು ವಿಷಯ ಸಿಕ್ಕಿತು.

ಕೆಲಮಂಗಲದ ಪೆರುಮಾಳ್ ಮೇಸ್ತ್ರಿ ಬಂದು ಆಕ್ಸಲ್ಲಿನ ಗುಂಡನೆಯ ಮುಚ್ಚಳ ಬಿಚ್ಚಿದ. ಒಳಗೆ ಒಂದು ದೊಡ್ಡ ಹಲ್ಲುಚಕ್ರ, ಅದಕ್ಕೆ ಕಚ್ಚಿಕೊಂಡ ಒಂದು ಚಿಕ್ಕದು. ಎರಡರ ಹಲ್ಲೂ ಸವೆದು ತುದಿ ಮುರಿದಿದ್ದವು. ಆವತ್ತಿನಿಂದ ಅಡುಗೆಮನೆಯಲ್ಲಿ ಊಟಕ್ಕೆ ಕೂತರೆ ಆಕ್ಸಲ್ಲಿನದೇ ಜಗಳ. ಹಲ್ಲುಚಕ್ರಗಳ ಜೋಡಿಯನ್ನು ಮುಂದಕ್ಕೂ ಹಿಂದಕ್ಕೂ ಹೊಸದಾಗಿ, ರಸ್ತೆಯಲ್ಲಿ ಹಗುರಾಗಿ ಓಡುವ ಲೆಕ್ಕದ್ದನ್ನು ಹಾಕಿಸೋಣ ಎಂದು ಅತ್ತೆ. ಗುಡ್ಡಕ್ಕೆ ದಮ್ಮಿರುವ ಇಡೀ ಆಕ್ಸಲನ್ನೇ ಗುಜರಿಯಿಂದ ತಂದು ಕೂರಿಸಿದರೆ ಒಂದು ದಿನದ ಕೆಲಸ ಎಂದು ತಾತ. ರಸ್ತೆ ಎಂದು ಅತ್ತೆ ಹೇಳಿದಾಗಲೆಲ್ಲ ಶಾಲೆ ಎಂದು, ಗುಡ್ಡ ಎಂದು ತಾತ ಹೇಳಿದಾಗಲೆಲ್ಲ ಮನೆ ಎಂದು ನನಗೂ ತಿಳಿಯುತ್ತಿತ್ತು. ಅಜ್ಜಿ ಇಬ್ಬರ ತಟ್ಟೆಗೂ ಬಸ್ಸಾರು ಬಡಿಸಿ, ಆ ಹಾಳು ಆಕ್ಸಲ್ಲನ್ನು ತಟ್ಟೆ ಮೇಲೆ ಇಡಬೇಡಿ ಎಂದು ಗದರುತ್ತಿದ್ದಳು.

ಕೊನೆಗೆ ತೀರ್ಮಾನ ಮಾಡಿದ್ದು ಹುಳುಗಳು. ಹೊಸ ಜೋಡಿಗಳು ಕೊಯಮತ್ತೂರಿನಿಂದ ಬರಲು ಇಪ್ಪತ್ತು ದಿನ ಬೇಕೆಂದ ಮೇಸ್ತ್ರಿ. ಹುಳುಗಳು ಸೊಪ್ಪು ಬಿಟ್ಟು ನಾಲ್ಕನೇ ಜ್ವರಕ್ಕೆ, ಅಂದರೆ ಪೊರೆ ಬಿಡುವ ನಿದ್ದೆಗೆ, ಕೂತಿದ್ದವು. ಪೊರೆ ಬಿಟ್ಟು ಎದ್ದರೆ ಗೂಡು ಕಟ್ಟುವವರೆಗೆ ಅವಕ್ಕೆ ಹೊಟ್ಟೆಯೊಂದೇ, ದಿನಕ್ಕೆ ಮೂರು ಟ್ರೇಲರು ಸೊಪ್ಪು ಬೇಕು. ಅತ್ತೆ ಸೋತಳು, ಆದರೆ ಒಂದು ಷರತ್ತು ಹಾಕಿದಳು. ಜೀಪಿನ ಹಿಂದಿನ ಚಕ್ರಗಳೆರಡನ್ನೂ ಜಾಕಿ ಕೊಟ್ಟು ಎತ್ತಿ, ಟೈರಿಗೆ ಸೀಮೆಸುಣ್ಣದ ಗೆರೆ ಎಳೆದು, ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಇಂಜಿನ್ನಿನ ಕಡೆಯಿಂದ ಬರುವ ಕೊಳವೆ ಎಷ್ಟು ಸುತ್ತುತ್ತದೆಂದು ನನ್ನಿಂದಲೇ ಎಣಿಸಿದಳು. ಐದು ಸುತ್ತು, ಮೇಲೆ ಸ್ವಲ್ಪ.

"ಮುಂದಿನದೂ ಇದೇ ಲೆಕ್ಕ. ತರೋದೂ ಇದೇ ಇರ್ಬೇಕಪ್ಪ. ಹಿಂದಿಂದು ಒಂದು ಲೆಕ್ಕ, ಮುಂದಿಂದು ಒಂದು ಲೆಕ್ಕ ಆದ್ರೆ ಎರಡೂ ಎಳೆದಾಡ್ತವೆ. ಐದಕ್ಕಿಂತ ಜಾಸ್ತಿ ಆದ್ರೆ ರೋಡಲ್ಲಿ ಓಡಲ್ಲ. ಇಷ್ಟೇ ನಾನ್ ಕೇಳೋದು."

ತಾತ ಆಗಲಿ ಎಂದ. ಮಾರನೆಯ ದಿನ ನನ್ನನ್ನೂ ಕರೆದುಕೊಂಡು ಹೊಸೂರಿನ ಗುಜರಿಗೆ ಹೋದ. ಕಲ್ಲುಗಳ ಮೇಲೆ ಸಾಲಾಗಿ ಮಲಗಿಸಿದ ಆಕ್ಸಲ್ಲುಗಳು. ಜೀಪಿನ ಮೈಕಟ್ಟಿಗೇ ಹೊಂದುವ, ಆದರೆ ದಪ್ಪನೆಯದೊಂದು ತಾತನ ಕಣ್ಣಿಗೆ ಬಿತ್ತು. ಇಬ್ಬರು ಆಳುಗಳು ಎರಡೂ ತುದಿಯ ಡ್ರಮ್ಮುಗಳನ್ನು ಒಟ್ಟಿಗೆ ತಿರುಗುವಂತೆ ಹಿಡಿದರು, ಅಂಗಡಿಯವನು ನಡುವಿನ ತಿರುಗಣೆ ತಿರುಗಿಸಿದ, ಎಣಿಸುವುದು ತಾನೇ ಎಂದು ತಾತ ಎದುರಿಗೆ ಕುಕ್ಕರುಗಾಲಲ್ಲಿ ಕೂತ. ಮೊದಲ ಸುತ್ತು ಹೋಯಿತು. ತಾತ ಕಣ್ಣು ಮುಚ್ಚಿದ್ದ, ತುಟಿ ಅಲ್ಲಾಡಲಿಲ್ಲ. ಎರಡನೆಯ ಸುತ್ತಿಗೆ ಕಣ್ಣು ಬಿಟ್ಟು 'ಲಾಭ' ಎಂದ. ಎರಡು, ಮೂರು, ನಾಲ್ಕು, ಐದು. ಮೇಲೆ ಸ್ವಲ್ಪ ತಿರುಗಿ ಡ್ರಮ್ಮಿನ ಮೇಲಿನ ಸುಣ್ಣದ ಗೆರೆ ತನ್ನ ಜಾಗಕ್ಕೆ ಬಂತು. ಲಂಗದ ಮರೆಯಲ್ಲಿ ಬೆರಳು ಮಡಚುತ್ತಿದ್ದ ನನ್ನ ಲೆಕ್ಕದಲ್ಲಿ ಆರು ಆಗಿತ್ತು.

ಆ ಗಳಿಗೆ ನನಗೆ ಎಲ್ಲವೂ ಗೊತ್ತಾಯಿತು. ತಾತನಿಗೆ ತಾನು ಮಾಡಿದ್ದು ಗೊತ್ತಿಲ್ಲ, ಕೈಯ ರೂಢಿ ದೇವರ ಪಾಲನ್ನು ತೆಗೆದಿಟ್ಟಿದೆ ಎಂದೂ ಗೊತ್ತಾಯಿತು. ಇದು ಆರಾದರೆ ಜೀಪು ರಸ್ತೆಯಲ್ಲಿ ಓಡುವುದಿಲ್ಲ, ಓಡದಿದ್ದರೆ ಅತ್ತೆ ಶಾಲೆಗೆ ಹೋಗುವುದಿಲ್ಲ, ಹೋಗದಿದ್ದರೆ ನನ್ನ ಪಕ್ಕದಲ್ಲೇ ಮಲಗಿರುತ್ತಾಳೆ ಎಂದೂ ಅಷ್ಟೇ ಬೇಗ ಹೊಳೆಯಿತು. ನಾನು ದಡ್ಡಿಯಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ತಾತ ನನ್ನ ಕಡೆ ತಿರುಗಿ ಐದು ತಾನೇ ಎಂದು ಕೇಳಿದ. ನಾನು ತಲೆಯಾಡಿಸಿದೆ. ವಾಪಸು ಬರುವಾಗ ಅವನು ಕೊಡಿಸಿದ ಬೋಂಡವನ್ನು ಕಾಗದದಲ್ಲೇ ಮಡಚಿ ಇಟ್ಟುಕೊಂಡೆ.

ತಾತ ಎಣಿಸಿದ್ದಾನೆ ಎಂದ ಮೇಲೆ ಮೇಸ್ತ್ರಿ ಮತ್ತೆ ಎಣಿಸಲಿಲ್ಲ, ಅತ್ತೆಯೂ ಎಣಿಸಲಿಲ್ಲ. ಹುಳುಗಳು ಎದ್ದಾಗಿತ್ತು. ಆಕ್ಸಲ್ ಕೂತಿತು, ಸೊಪ್ಪು ಬಂತು. ಗುಡ್ಡದಲ್ಲಿ ಜೀಪು ಎಂದೂ ಇಲ್ಲದ ದಮ್ಮಿನಿಂದ ಹತ್ತಿತು, ಆದರೆ ನಾಲ್ಕೂ ಚಕ್ರದ ಗೇರು ಹಾಕಿದ ಕೂಡಲೇ ಮುಗ್ಗರಿಸಿ ಕುಣಿಯುತ್ತಿತ್ತು. ಹೊಸದು, ಹೊಂದಿಕೊಳ್ಳುತ್ತದೆ ಎಂದು ಮೇಸ್ತ್ರಿ ಮುಂದಿನ ಚಕ್ರಗಳಿಗೆ ಹೋಗುವ ಕೊಳವೆಯನ್ನು ಬಿಚ್ಚಿಟ್ಟು ಹೋದ. ಹುಳುಗಳು ಗೂಡಿಗೆ ಹತ್ತಿದ ಮಾರನೆಯ ದಿನ ಅತ್ತೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಕೆಲಸಕ್ಕೆ ಸೇರಲು ಹೊರಟಳು. ಇಂಜಿನ್ನು ಕಿರುಚಿತೇ ಹೊರತು ಜೀಪು ಮುಂದೆ ಹೋಗಲಿಲ್ಲವಂತೆ. ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನವರು ದಾಟಿಕೊಂಡು ಹೋದರಂತೆ. ಅವಳು ಶಾಲೆ ಮುಟ್ಟಿದಾಗ ಮಕ್ಕಳು ಮಧ್ಯಾಹ್ನದ ಊಟಕ್ಕೆ ಕೂತಿದ್ದರು. ಸಂಜೆ ಮನೆಗೆ ಬಂದವಳು ಸೀರೆಯನ್ನೂ ಬದಲಾಯಿಸದೆ ಕೊಟ್ಟಿಗೆಯಲ್ಲಿ ಜಾಕಿ ಕೊಟ್ಟು, ಸುಣ್ಣದ ಗೆರೆ ಎಳೆದು, ಒಬ್ಬಳೇ ಎಣಿಸಿದಳು. ನಾನು ಗೋಣಿಯ ಪರದೆಯ ಹಿಂದೆ ನಿಂತಿದ್ದೆ. ತಾತ ತೋಟದಿಂದ ಬಂದ.

"ಅಪ್ಪ, ಇದು ಆರು."

"ಐದಮ್ಮ. ನಾನೇ ಎಣಿಸಿದ್ನಲ್ಲ."

"ನೀನ್ ಅಳೆದ್ದು ಯಾವತ್ತಾದ್ರೂ ತಪ್ಪಿದ್ದುಂಟಾ? ಗೊತ್ತಿದ್ದೇ ಮಾಡಿದ್ದೀಯ. ಹೋಗ್ಬೇಡ ಅಂತ ಬಾಯಲ್ಲೇ ಹೇಳಿದ್ರೆ ಆಗ್ತಿರ್ಲಿಲ್ವಾ?"

ತಾತ ಬಗ್ಗಿ ತಾನೇ ಕೊಳವೆ ತಿರುಗಿಸಿ ನೋಡಿದ. ಆವತ್ತು ಅವನು ಮೊದಲ ಸುತ್ತನ್ನು ಬಿಟ್ಟನೋ ಇಲ್ಲವೋ ಗೊತ್ತಿಲ್ಲ. ನಾನು ಪರದೆ ಸರಿಸಿ ಒಂದು ಹೆಜ್ಜೆ ಮುಂದಿಟ್ಟಿದ್ದರೆ ಸಾಕಿತ್ತು. ಇಡಲಿಲ್ಲ. ಮಾರನೆಯ ಬೆಳಿಗ್ಗೆ ಅತ್ತೆ ಗಂಡನ ಮನೆಯಿಂದ ತಂದ ಅದೇ ಟ್ರಂಕಿನಲ್ಲಿ ಬಟ್ಟೆ ತುಂಬಿ, ಆ ಹಳ್ಳಿಯಲ್ಲೇ ಒಂದು ರೂಮು ಹಿಡಿಯುತ್ತೇನೆಂದು ಅಜ್ಜಿಗೆ ಹೇಳಿ ಬಸ್ಸು ಹತ್ತಿದಳು. ಅವಳನ್ನು ಮನೆಯಲ್ಲಿ ಉಳಿಸಿಕೊಳ್ಳಲೆಂದು ನಾನು ಮುಚ್ಚಿಟ್ಟ ಒಂದು ಸುತ್ತು ಅವಳನ್ನು ಮನೆಯಿಂದಲೇ ಕಳಿಸಿತ್ತು. ಜೀಪು ಓಡಿಸುವವರಿಲ್ಲದೆ ಕೊಟ್ಟಿಗೆಯಲ್ಲಿ ನಿಂತಿತು, ಮುಂದಿನ ಬೆಳೆಗೆ ಹುಳು ಅರ್ಧ ಮಾಡಿ ಸೊಪ್ಪನ್ನು ತಲೆಯ ಮೇಲೆ ಹೊತ್ತು ತಂದೆವು.

ರಾಗಿಯ ರಾಶಿಯ ಕಾಲ ಬಂತು. ಪಕ್ಕದ ಹಳ್ಳಿಯಿಂದ ಪಾಲು ಮಾಡಿಕೊಳ್ಳುವ ಅಣ್ಣತಮ್ಮಂದಿರು ಕರೆಯಲು ಬಂದಾಗ ತಾತ ಜಗುಲಿಯಿಂದ ಏಳಲಿಲ್ಲ. ತನ್ನ ಕೈ ಕೆಟ್ಟುಹೋಗಿದೆ, ಬೇರೆಯವರನ್ನು ನೋಡಿಕೊಳ್ಳಿ ಎಂದು ಕಳಿಸಿಬಿಟ್ಟ. ಅವರು ನಗಬೇಕೋ ಬೇಡವೋ ತಿಳಿಯದೆ ಹೋದರು. ಅಜ್ಜಿ ಒಲೆಯ ಮುಂದೆ ಕೂತು ಅತ್ತದ್ದನ್ನು ನಾನು ಆವತ್ತೇ ಮೊದಲು ಕಂಡದ್ದು. ಇನ್ನು ತಡೆಯಲು ನನ್ನಿಂದ ಆಗಲಿಲ್ಲ. ಕಣಜದ ಕೋಣೆಯಿಂದ ಕೊಳಗ ತಂದು ತಾತನ ಮುಂದಿಟ್ಟು, ರಾಗಿ ಅಳೆ ಎಂದೆ. ಮಗುವಿನ ಹಠ ಎಂದುಕೊಂಡು ಅವನು ತುಂಬಿದ. ಮೊದಲನೆಯದನ್ನು ಕಣ್ಣು ಮುಚ್ಚಿ ಮೊರಕ್ಕೆ ಸುರಿದ. ಎರಡನೆಯದಕ್ಕೆ 'ಲಾಭ' ಎಂದ. ಗುಜರಿಯಲ್ಲೂ ಹೀಗೇ ಎಣಿಸಿದೆ ತಾತ ಎಂದೆ. ಕೊಳಗ ಅವನ ಕೈಯಲ್ಲೇ ನಿಂತಿತು.

"ಆಕ್ಸಲ್ಗೂ ದೇವರ ಪಾಲು ತೆಗೆದ್ಬುಟ್ನಾ." ಕೊಳಗ ಕೆಳಗಿಟ್ಟು ಕೇಳಿದ, "ನೀನು ಅವತ್ತೇ ಯಾಕ್ ಹೇಳ್ಲಿಲ್ಲ?"

"ಅತ್ತೆ ಹೋಗ್ಬುಡ್ತಾಳೆ ಅಂತ."

"ನಂಗೂ ಅದೇ ಆಸೆ ಇತ್ತು ಕಣೆ ಮಂಜಿ. ಆದ್ರೆ ನಾನ್ ಸುಳ್ಳು ಎಣಿಸ್ಲಿಲ್ಲ."

ಬೈಯಲಿಲ್ಲ, ಹೊಡೆಯಲಿಲ್ಲ. ಅದೇ ದಿನ ಕೆಲಮಂಗಲಕ್ಕೆ ನಡೆದುಕೊಂಡು ಹೋಗಿ, ಅತ್ತೆ ಕೇಳಿದ್ದ ಜೋಡಿಗಳನ್ನೇ, ಮುಂದಕ್ಕೊಂದು ಹಿಂದಕ್ಕೊಂದು, ತರಿಸಲು ಮೇಸ್ತ್ರಿಗೆ ಹೇಳಿಬಂದ. ಗುಜರಿಯ ಆಕ್ಸಲ್ ಇಳಿಯಿತು. ಹಿತ್ತಲಲ್ಲಿ ಬಿದ್ದಿದ್ದ ನಮ್ಮ ಹಳೆಯದು ಸೀಮೆಎಣ್ಣೆಯಲ್ಲಿ ತೊಳೆಸಿಕೊಂಡು ಹೊಸ ಹಲ್ಲು ಕಟ್ಟಿಸಿಕೊಂಡಿತು. ಹಲ್ಲಿಗೆ ಹಲ್ಲು ಸರಿಯಾಗಿ ಕೂರುತ್ತದೋ ಎಂದು ಮೇಸ್ತ್ರಿ ಬಣ್ಣ ಸವರಿ, ತಿರುಗಿಸಿ, ಎಲ್ಲಿ ಅಳಿಸಿದೆ ಎಂದು ನೋಡುತ್ತಿದ್ದ. ಬಣ್ಣ ಮುಗಿದಾಗ ಅಜ್ಜಿ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಕೊಟ್ಟಳು. ಎರಡು ದಿನ ಅದೇ ಕೆಲಸ. ಕೊನೆಗೆ ಎಣಿಸುವುದನ್ನು ತಾತ ನನಗೆ ಬಿಟ್ಟು ತಾನು ಬೀದಿಯ ಕಡೆ ಮುಖ ಮಾಡಿ ನಿಂತ. ಮುಂದಿನದೂ ನಾಲ್ಕು, ಮೇಲೆ ಸ್ವಲ್ಪ. ಹಿಂದಿನದೂ ನಾಲ್ಕು, ಮೇಲೆ ಸ್ವಲ್ಪ. ಹಳೆಯದಕ್ಕಿಂತ ಒಂದು ಸುತ್ತು ಕಡಿಮೆ, ಅತ್ತೆ ಮೊದಲು ಕೇಳಿದ್ದ ರಸ್ತೆಯ ಲೆಕ್ಕ.

ಮೇಸ್ತ್ರಿ ಓಡಿಸಿದ. ತಾತ, ನಾನು ಕೂತು ಡೆಂಕಣಿಕೋಟೆ ದಾಟಿ ಅತ್ತೆಯ ಹಳ್ಳಿಗೆ ಹೋದೆವು. ಜೀಪು ರಸ್ತೆಯಲ್ಲಿ ಅಷ್ಟು ಸಲೀಸಾಗಿ ಓಡಿದ್ದನ್ನು ನಾನು ಕಂಡಿರಲಿಲ್ಲ. ಶಾಲೆಯ ಜಗುಲಿಯ ಮೇಲೆ ಅತ್ತೆ ಸಿಕ್ಕಳು. ತಾತ ನನ್ನನ್ನು ಮುಂದಕ್ಕೆ ತಳ್ಳಿ, ಹೇಳು ಎಂದ. ಹೇಳಿದೆ. ಕಣ್ಣು ಮುಚ್ಚಿದ್ದು, ಲಾಭ ಅಂದದ್ದು, ನನ್ನ ಬೆರಳಿನ ಲೆಕ್ಕ, ಪರದೆಯ ಹಿಂದೆ ನಿಂತದ್ದು, ಎಲ್ಲ. ಅತ್ತೆ ನನ್ನನ್ನು ನೋಡಲೇ ಇಲ್ಲ, ತಾತನನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಅಷ್ಟು ಮಕ್ಕಳ ಎದುರಿಗೆ ಬಗ್ಗಿ ಅವನ ಕಾಲು ಮುಟ್ಟಿದಳು. ಸಂಜೆ ಮನೆಗೆ ಬಂದುಬಿಡಮ್ಮ ಎಂದು ತಾತ ಎರಡು ಸಲ ಹೇಳಿದ. ಗಂಟೆ ಹೊಡೆದ ಮೇಲೆ ಅವಳು ನಮ್ಮನ್ನು ತನ್ನ ರೂಮಿಗೆ ಕರೆದುಕೊಂಡು ಹೋದಳು. ಒಂದು ಕಿಟಕಿ, ಒಂದು ಸ್ಟವ್ವು, ಕಿಟಕಿಯ ಪಕ್ಕ ಒಂದು ಮೇಜು, ಗೋಡೆಗೆ ಸಾಲಾಗಿ ಜೋಡಿಸಿದ ಪುಸ್ತಕಗಳು. ಎರಡೇ ಲೋಟ ಇದ್ದುದರಿಂದ ತಾತನಿಗೂ ಮೇಸ್ತ್ರಿಗೂ ಮೊದಲು ಕಾಫಿ ಕೊಟ್ಟಳು. ಅವರು ಹೊರಗೆ ಕಟ್ಟೆಯ ಮೇಲೆ ಕೂತರು. ಲೋಟ ತೊಳೆಯುತ್ತಿದ್ದ ಅವಳ ಹಿಂದೆ ನಿಂತು ಕೇಳಿದೆ.

"ನಾನು ಅವತ್ತೇ ಹೇಳಿದ್ರೆ ನೀನು ಮನೇಲೇ ಇರ್ತಿದ್ಯಾ ಅತ್ತೆ?"

"ಇರ್ತಿದ್ದೆ. ದಿನಾ ಹೋಗಿ ದಿನಾ ಬತ್ತಿದ್ದೆ."

"ಈಗ ಜೀಪು ಸರಿ ಆಯ್ತಲ್ಲ?"

"ಈಗ ಆಗಲ್ಲ ಕಣೆ. ಈ ಬಾಗ್ಲಿಗೆ ನಾನೇ ಬೀಗ ಹಾಕ್ತೀನಿ, ನಾನೇ ತೆಗೀತೀನಿ. ಇಷ್ಟು ದಿನ ಹಂಗೆ ಇದ್ದು ನೋಡುದ್ಮೇಲೆ ಬಿಟ್ ಬರಕ್ಕೆ ಮನಸಿಲ್ಲ. ಶನಿವಾರ ಬತ್ತೀನಿ."

ನನ್ನನ್ನು ಸಮಾಧಾನ ಮಾಡಲು ಅವಳು ಒಂದು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ, ನಾನು ಹತ್ತು ವರ್ಷದವಳೆಂದು ರಿಯಾಯಿತಿ ತೋರಲಿಲ್ಲ. ಬಾಗಿಲ ಬಳಿ ತಾತ ಯಾವಾಗ ಬಂದು ನಿಂತಿದ್ದನೋ ಗೊತ್ತಿಲ್ಲ. ಖಾಲಿ ಲೋಟವನ್ನು ಮೇಜಿನ ಮೇಲಿಟ್ಟ. ಅಂಗಿಯ ಜೇಬಿನಿಂದ ಜೀಪಿನ ಕೀಲಿ ತೆಗೆದು ಅದರ ಪಕ್ಕದಲ್ಲಿಟ್ಟ. ಶನಿವಾರ ಮಾತ್ರ ತಪ್ಪಿಸಬೇಡ ಎಂದ. ಅತ್ತೆ ಕೀಲಿಯನ್ನೂ ಅವನನ್ನೂ ನೋಡಿ ಸೆರಗಿನಿಂದ ಮುಖ ಒರೆಸಿಕೊಂಡಳು. ಜೀಪನ್ನು ಅವಳಿಗೆ ಬಿಟ್ಟು, ಮೇಸ್ತ್ರಿಯೂ ಸೇರಿ ನಾವು ಮೂವರೂ ನಡೆದು ಹೋಗಿ, ಬಸ್ಸು ಹತ್ತಿ ಊರಿಗೆ ಬಂದೆವು.